ಹಾಯಿ ಹಲಗೆಗೆ ಕಾಲು ಕೂರಿಸಿದ್ದು

ಫೆಬ್ರವರಿ ತಿಂಗಳ ಒಂದು ಶನಿವಾರ, ಶಾಲೆ ಅರ್ಧ ದಿನಕ್ಕೆ ಬಿಟ್ಟಿದ್ದ ಮಧ್ಯಾಹ್ನ, ಪಡುಗಾಳಿ ಎದ್ದ ಮೇಲೆ, ನಾನು ನೇತ್ರಾವತಿಯ ಹಿನ್ನೀರಿನ ದಡದಲ್ಲಿ ನಿಂತಿದ್ದೆ. ಜಾಗ ಬಂಟ್ವಾಳ ಪೇಟೆಯಿಂದ ಸ್ವಲ್ಪ ಕೆಳಗಿನ ಹಳೆಯ ದೋಣಿಕಟ್ಟೆಯ ಕೊನೆಯ ಮೆಟ್ಟಿಲು. ಪಾದ ನೀರಿನಲ್ಲಿತ್ತು. ಬಿಸಿಲು ಬಲಗೆನ್ನೆಗೆ ಬೀಳುತ್ತಿತ್ತು, ಕಣ್ಣಿಗೆ ಅಲ್ಲ. ನನಗೂ ಹಲಗೆಗೂ ನಡುವೆ ಅಡ್ಡ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಉಂಟು. ಆ ದಿನದ ಬಗ್ಗೆ ಈಗ ಎಷ್ಟೋ ಜನ ಕಣ್ಣಾರೆ ಕಂಡವರಂತೆ ಮಾತಾಡುತ್ತಾರೆ. ಅವರಲ್ಲಿ ಕೆಲವರು ಅಂದು ಬಂಟ್ವಾಳದಲ್ಲೇ ಇರಲಿಲ್ಲ.

ಹಲಗೆ ನೀರನ್ನು ಬಿಟ್ಟು ಮೇಲೆದ್ದದ್ದನ್ನು ನಾನು ನೋಡಿದ್ದೇನೆ.  

ಫಿಟ್ಟರ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದು, "ಲೋಕಯ್ಯಣ್ಣ, ಈ ಕೆಲಸದಲ್ಲಿ ಎಂತ ಉಂಟು?" ಎಂದು ಕೇಳುತ್ತಾರೆ. ಸಂಬಳ, ಬಡ್ತಿ ಇವೆಲ್ಲ ಅವರಿಗೆ ಬೇರೆಯವರು ಹೇಳುತ್ತಾರೆ. ನಾನು ನೋಡಿದ್ದನ್ನು ಮಾತ್ರ ಬರೆಯುತ್ತೇನೆ.

ನಾನು ಕೆಲಸ ಕಲಿತದ್ದು ಐತಪ್ಪ ಮೇಸ್ತ್ರಿಯವರ ಹತ್ತಿರ. ಬಂಟ್ವಾಳದಲ್ಲಿ ಅವರದ್ದು ಪಂಪು ಮತ್ತು ಇಂಜಿನ್ ರಿಪೇರಿಯ ವರ್ಕ್‌ಶಾಪ್. ಮಳೆಗಾಲದಲ್ಲಿ ನೆರೆ ಬಂದರೆ ಮೊದಲು ಚೈನ್ ಪುಲ್ಲಿಯಲ್ಲಿ ಮೋಟಾರುಗಳನ್ನು ಮೇಲೆತ್ತಿ ಕಟ್ಟುವುದು, ಆಮೇಲೆ ನಾವು ಅಟ್ಟಕ್ಕೆ ಹತ್ತುವುದು, ಇದು ಅಲ್ಲಿನ ಕ್ರಮ. ಮೇಸ್ತ್ರಿಯವರು ಗಿಡ್ಡ ಆಳು, ಮಾತು ಜೋರು. ಅವರು ಬೈದರೆ ರಸ್ತೆಯ ಆಚೆಯ ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿ ಕೇಳುತ್ತಿದ್ದ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಬೈಗುಳಗಳನ್ನು ಬಿಟ್ಟು.

ಅವರಿಗೆ ಒಂದು ನಂಬಿಕೆ ಇತ್ತು: ಯಾವ ಜೋಡಣೆಯೂ ರಬ್ಬರ್ ಇಲ್ಲದೆ ಭದ್ರ ಅಲ್ಲ. ಅದು ಬಂದದ್ದು ಬೆಳ್ತಂಗಡಿ ಕಡೆಯ ಒಂದು ಮದುವೆ ಮನೆಯಿಂದ. ದಿಬ್ಬಣ ಬರುವ ಹೊತ್ತಿಗೆ ಬಾವಿಯ ಪಂಪು ಗಾಳಿ ಎಳೆಯಲು ಶುರುಮಾಡಿತು. ಪೈಪಿನ ಜೋಡಣೆಯೊಳಗಿನ ರಬ್ಬರ್ ಬಿಲ್ಲೆ, ಗ್ಯಾಸ್ಕೆಟ್, ಹರಿದಿತ್ತು. ನಮ್ಮ ಚೀಲದಲ್ಲಿ ಆ ಅಳತೆಯದ್ದು ಇರಲಿಲ್ಲ. ಮದುಮಗಳ ಸೋದರಮಾವ ಬಂದು ತಲೆಗೆ ಕೈ ಇಟ್ಟರು.

"ಎಂತ ಮೇಸ್ತ್ರಿಗಳೇ, ಊಟಕ್ಕೆ ಜನ ಬಂದಾಯ್ತು. ಕೈ ತೊಳೆಯಲಿಕ್ಕೆ ನೀರಿಲ್ಲ!"

ಮೇಸ್ತ್ರಿಯವರು ಅಂಗಳದಲ್ಲಿದ್ದ ಸೈಕಲ್ಲನ್ನು ನೋಡಿದರು. "ಇದು ಯಾರದ್ದು?"

"ನನ್ನದೇ."

"ಇವತ್ತು ನಡೆದುಕೊಂಡು ಹೋಗಲಿಕ್ಕೆ ಆಗ್ತದಾ ನಿಮಗೆ?"

ಅವರು ಉತ್ತರ ಕೊಡುವ ಮೊದಲೇ ಟ್ಯೂಬು ಹೊರಗೆ ಬಂದಿತ್ತು. ಅದನ್ನು ಉರುಟಾಗಿ ಕತ್ತರಿಸಿ, ಎರಡು ಪದರ ಇಟ್ಟು ಬಿಗಿದೆವು. ನೀರು ಬಂತು. ನಮ್ಮನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು. ಸೋದರಮಾವ ಹೋಳಿಗೆ ತಂದು ಹಾಕುತ್ತಾ, "ಟ್ಯೂಬಿನ ಲೆಕ್ಕಕ್ಕೆ ಇನ್ನೊಂದು ತಿನ್ನಿ" ಎಂದರು. ಆ ದಿನದಿಂದ ಮೇಸ್ತ್ರಿಯವರ ಚೀಲದಲ್ಲಿ ಸೈಕಲ್ ಟ್ಯೂಬಿನ ತುಂಡು ಇಲ್ಲದ ದಿನ ಇರಲಿಲ್ಲ.

ಅವರಿಂದ ಕಲಿತ ಇನ್ನೊಂದು ವಿದ್ಯೆ ಮಸಿಯದ್ದು. ಮೂಡುಬಿದಿರೆಯ ಹತ್ತಿರ ಒಂದು ಅಕ್ಕಿ ಮಿಲ್ಲಿನ ಇಂಜಿನ್ ಬಿಸಿಯಾಗಿ ನಿಲ್ಲುತ್ತಿತ್ತು. ನಾನು ಕೈಯಿಂದ ಅಲುಗಾಡಿಸಿ ನೋಡಿ, ತಿರುಗುವ ಶಾಫ್ಟನ್ನು ಹೊರುವ ಬೇರಿಂಗ್ ಸರಿಯಾಗಿ ಕೂತಿದೆ ಎಂದೆ. ಮೇಸ್ತ್ರಿಯವರು ದೀಪದ ಮಸಿಗೆ ಎಣ್ಣೆ ಕಲಸಿ ಶಾಫ್ಟಿಗೆ ತೆಳ್ಳಗೆ ಸವರಿದರು. ಬೇರಿಂಗ್ ಕೂರಿಸಿ, ತಿರುಗಿಸಿ, ಬಿಚ್ಚಿದರು. ಒಳಗೆ ಕಪ್ಪು ಹತ್ತಿದ್ದು ಒಂದೇ ಮೂಲೆಗೆ. ಉಳಿದದ್ದೆಲ್ಲ ಬೆಳ್ಳಗೆ ಇತ್ತು. ಅಂದರೆ ಶಾಫ್ಟು ಆ ಮೂಲೆಯ ಮೇಲೆ ಮಾತ್ರ ಕೂತಿತ್ತು.

"ಕಣ್ಣು ಸುಳ್ಳು ಹೇಳ್ತದೆ ಲೋಕು. ಕೈ ಅದಕ್ಕಿಂತ ದೊಡ್ಡ ಸುಳ್ಳು ಹೇಳ್ತದೆ. ಮಸಿ ಹೇಳುವುದಿಲ್ಲ" ಎಂದರು.

ಆಮೇಲೆ ಕಾಲ ಬದಲಾಯಿತು. ನೀರೊಳಗೇ ಮುಳುಗಿಸಿಡುವ ಪಂಪುಗಳು ಬಂದವು. ಕಬ್ಬಿಣದ ಪೈಪು ಹೋಗಿ, ಗಮ್ಮು ಹಚ್ಚಿ ಅಂಟಿಸುವ ಪೈಪು ಬಂತು. ಗ್ಯಾಸ್ಕೆಟ್ ಕತ್ತರಿಸುವವರನ್ನು ಕೇಳುವವರು ಕಡಿಮೆಯಾದರು. ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ನಾವಿಬ್ಬರೂ ಬೆಂಚಿನ ಮೇಲೆ ಕುಳಿತು ರಸ್ತೆ ನೋಡುವ ದಿನಗಳು ಹೆಚ್ಚಾದವು. ಅಂಥ ಒಂದು ಮಧ್ಯಾಹ್ನ ಜೀಪಿನ ಮೇಲೆ ಒಂದು ಉದ್ದದ ಹಲಗೆ ಕಟ್ಟಿಕೊಂಡು ಅಕ್ಷತಾ ಟೀಚರು ಬಂದರು.

ಅವರು ಮೂಡುಬಿದಿರೆಯ ಒಂದು ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ರಜೆಯಲ್ಲಿ ಕಡಲ ಕರೆಗೆ, ಅಂದರೆ ತೀರಕ್ಕೆ, ಹೋಗಿ ಹಾಯಿ ಹಲಗೆಯ ಆಟ ಕಲಿತಿದ್ದರು. ಹಲಗೆಯ ಮೇಲೆ ನಿಂತು, ಅದಕ್ಕೆ ನೆಟ್ಟ ಹಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ ಅದು. ಅವರ ಹಲಗೆಯ ಅಡಿಗೆ ಇನ್ನೊಂದು ಸಾಮಾನು ಇತ್ತು. ಹೈಡ್ರೋಫಾಯಿಲ್ ಎನ್ನುತ್ತಾರೆ. ಸೊಂಟದೆತ್ತರದ ಅಲ್ಯೂಮಿನಿಯಂ ಕಂಬ, ಅದರ ತುದಿಯಲ್ಲಿ ವಿಮಾನದಂತೆ ದೊಡ್ಡ ರೆಕ್ಕೆ ಒಂದು, ಚಿಕ್ಕದು ಒಂದು.

"ಇದೆಂತ ಟೀಚರೇ, ಬಾಗಿಲಾ?" ಎಂದು ಮೇಸ್ತ್ರಿಯವರು ಕೇಳಿದರು.

"ಹಲಗೆ ಮೇಸ್ತ್ರಿಗಳೇ. ಈ ಕಂಬ ಅಡಿಯಲ್ಲಿ ನೀರೊಳಗೆ ಇರ್ತದೆ. ವೇಗ ಬಂದ್ರೆ ರೆಕ್ಕೆ ಹಲಗೆಯನ್ನೇ ನೀರಿನಿಂದ ಎತ್ತುತ್ತದೆ."

"ಎತ್ತಿ?"

"ಎತ್ತಿ ಎಂತ, ಹಾರ್ತದೆ."

ಮೇಸ್ತ್ರಿಯವರು ನನ್ನ ಕಡೆ ತಿರುಗಿದರು. "ಲೋಕು, ಕೊಕ್ಕರೆ ಬಂತು ಮಾರಾಯ. ಒಂದೇ ಕಾಲು."

ಅಂದಿನಿಂದ ಆ ಹಲಗೆ ಕೊಕ್ಕರೆ, ಆ ಕಂಬ ಕಾಲು.

ಟೀಚರ ಕಷ್ಟ ಇಷ್ಟು. ಕಾಲಿನ ಮೇಲ್ತುದಿ ಬೆಣೆಯ ಆಕಾರದಲ್ಲಿತ್ತು. ಹಲಗೆಯ ಅಡಿಯಲ್ಲಿದ್ದ ಅದೇ ಆಕಾರದ ಗುಂಡಿಯೊಳಗೆ ಅದನ್ನು ತೂರಿಸಿ, ಹಲಗೆಯ ಮೇಲಿನಿಂದ ಎರಡು ಬೋಲ್ಟು ಹಾಕಿ ಎಳೆದು ಬಿಗಿಯುವುದು ಕ್ರಮ. ಎಷ್ಟು ಬಿಗಿದರೂ ಅದು ಅಲುಗುತ್ತಿತ್ತು. ಹಿಂದಿನ ವರ್ಷ ಕಡಲಿನಲ್ಲಿ ಅದು ಸಡಿಲವಾಗಿ ಟೀಚರು ಬಿದ್ದು ಭುಜಕ್ಕೆ ಪೆಟ್ಟಾಗಿತ್ತು. ಶಾಲೆಯ ಹುಡುಗಿಯರಿಗೆ ಈ ಆಟವನ್ನು ಅಲೆಯಿಲ್ಲದ ಹಿನ್ನೀರಿನಲ್ಲಿ ಕಲಿಸಬೇಕು ಎಂಬುದು ಅವರ ಆಸೆ. ಶಾಲೆಯ ಸಂಚಾಲಕರು ಬಲ್ಲಾಳರು. ಭುಜದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಅವರು ಎಂತ ಹೇಳಿದ್ದಾರೆ ಅಂದ್ರೆ," ಟೀಚರು ಹೇಳಿದರು, "'ಕಳಚುವ ಹಲಗೆಗೆ ನಾನು ಮಕ್ಕಳನ್ನು ಹತ್ತಿಸುವುದಿಲ್ಲ. ಒಂದು ದಿನ ಬರ್ತೇನೆ, ಕಣ್ಣಾರೆ ನೋಡ್ತೇನೆ. ಒಂದೇ ದಿನ.' ಅವತ್ತು ಆಗದಿದ್ರೆ ಮುಗೀತು. ಇದನ್ನು ಕಡಲ ಕರೆಯಲ್ಲಿ ಬೇಕಾದವರಿಗೆ ಕೊಟ್ಟುಬಿಡ್ತೇನೆ. ಮೂಡುಬಿದಿರೆಯ ಜಗಲಿಯಲ್ಲಿ ಇಟ್ಟುಕೊಂಡು ಬಟ್ಟೆ ಒಣಗಿಸಲಿಕ್ಕಾ?"

ಮೇಸ್ತ್ರಿಯವರು ಹಲಗೆಯನ್ನು ಎರಡು ಹಳೆಯ ಟಯರಿನ ಮೇಲೆ ಕವುಚಿ ಹಾಕಿಸಿದರು. ಕಾಲನ್ನು ಹಿಡಿದು ಅಲುಗಿಸಿದರು. ಟಕ್ ಎಂಬ ಸದ್ದು. ಅವರ ಮುಖ ಅರಳಿತು. ಚೀಲಕ್ಕೆ ಕೈ ಹಾಕಿದರು. ಏನು ಹೊರಗೆ ಬಂತೆಂದು ನಾನು ಹೇಳಬೇಕಾಗಿಲ್ಲ. ಬೆಣೆಯ ಎರಡು ಬದಿಗೂ ಟ್ಯೂಬಿನ ಪಟ್ಟಿ ಅಂಟಿಸಿ, ಗುಂಡಿಗೆ ತೂರಿಸಿ, ಬೋಲ್ಟು ಬಿಗಿದೆವು. ಈಗ ಅಲುಗಿಸಿದರೆ ಕಲ್ಲಿನಲ್ಲಿ ನೆಟ್ಟಂತೆ ನಿಂತಿತು. ಟೀಚರು ಅಲುಗಿಸಿ ನೋಡಿದರು, ನಾನೂ ನೋಡಿದೆ. ಮೂವರಿಗೂ ಖುಷಿಯೋ ಖುಷಿ. ಮೇಸ್ತ್ರಿಯವರು ಚಹಾ ತರಿಸಿದರು.

ಮರುದಿನ ಮೋನಾಕನ ದೋಣಿಯಲ್ಲಿ ಹೊರಟೆವು. ಮೋನಾಕ ಹರೆಯದಿಂದಲೂ ನೇತ್ರಾವತಿಯಲ್ಲಿ ದೋಣಿ ನಡೆಸಿದ ಬ್ಯಾರಿ ಮುಸಲ್ಮಾನರು. ಹಿಂದೆ ಮರಳು ತೆಗೆದ ಹೊಂಡಗಳು ಎಲ್ಲೆಲ್ಲಿ ಇವೆ ಎಂದು ಅವರಿಗೆ ಗೊತ್ತು. ಉದ್ದ ಕಾಲಿನ ಹಲಗೆಗೆ ಆಳದ ನೀರು ಬೇಕು, ಅಡಿಗೆ ತಾಗಿದರೆ ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ. ಮೋನಾಕ ತೋರಿಸಿದ ಕಡೆ ಟೀಚರು ಹಾಯಿ ಎತ್ತಿದರು.

ನಾನು ದೋಣಿಯ ಮುಂಭಾಗದಲ್ಲಿ ಕುಳಿತಿದ್ದೆ. ಟೀಚರು ಒಮ್ಮೆ ದೂರ ಹೋಗಿ ತಿರುಗಿದರು. ವೇಗ ಹೆಚ್ಚಿತು. ಹಲಗೆಯ ಮೂತಿ ಎದ್ದಿತು, ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಆಮೇಲೆ ತೆಂಗಿನ ಒಣ ಮಡಲು ಮುರಿದಂಥ ಒಂದು ಸದ್ದು. ಟೀಚರು ನೀರಿಗೆ ಬಿದ್ದರು, ಹಾಯಿ ಅವರ ಮೇಲೆ ಬಿತ್ತು, ಹಲಗೆ ಮಗುಚಿತು. ಮುಂದಿನ ಬೋಲ್ಟು ಮುರಿದು, ಕಾಲು ಹಿಂದಿನ ಬೋಲ್ಟಿನಲ್ಲಿ ಮಾತ್ರ ನೇತಾಡುತ್ತಿತ್ತು. ಆ ರೆಕ್ಕೆಯ ಅಂಚು ಮೀನು ಕೊಯ್ಯುವ ಕತ್ತಿಯ ಹಾಗೆ. ಅದು ಅವರ ತಲೆಯ ಎಷ್ಟು ಹತ್ತಿರ ಹೋಯಿತು ಎಂದು ನಾನು ನೋಡಿದೆ, ಅವರು ನೋಡಲಿಲ್ಲ. 

ಹಾಯಿಯ ಅಡಿಯಿಂದ ತಲೆ ಹೊರಗೆ ಬಂತು.

"ಟೀಚರೇ, ನಿಮ್ಮ ಕೊಕ್ಕರೆಯ ಕಾಲು ಮುರೀತು!" ಎಂದು ಮೋನಾಕ ಕೂಗಿದರು.

ಟೀಚರು ಕೆಮ್ಮಿ ನೀರು ಉಗುಳಿದರು. "ನಂದು ಎರಡೂ ಉಂಟಲ್ಲ ಮೋನಾಕ, ಸಾಕು."

ವರ್ಕ್‌ಶಾಪಿನಲ್ಲಿ ಕಾಲನ್ನು ಹೊರಗೆ ಎಳೆದಾಗ ರಬ್ಬರು ಹಿಂಜಿ ಹೋಗಿತ್ತು. ಮೇಸ್ತ್ರಿಯವರು ಅದನ್ನು ಬೆರಳಿನಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಆ ದಿನ ಯಾರಿಗೂ ಬೈಯಲಿಲ್ಲ. ಹೋಟೆಲಿನವನು ಬಂದು, "ಮೇಸ್ತ್ರಿಗಳಿಗೆ ಹುಷಾರಿಲ್ಲವಾ?" ಎಂದು ನನ್ನನ್ನು ಕೇಳಿ ಹೋದ.

ಮರುದಿನ ಬೆಳಿಗ್ಗೆ ಅವರೇ ಮಾತು ತೆಗೆದರು. "ಪಂಪು ಇದ್ದಲ್ಲಿ ಇರ್ತದೆ. ಅಲ್ಲಿ ನೀರು ಸೋರದಿದ್ದರೆ ಆಯ್ತು. ಈ ಕಾಲನ್ನು ಗಾಳಿ ಒಂದು ಕಡೆ ತಿರುಚ್ತದೆ, ನೀರು ಇನ್ನೊಂದು ಕಡೆ. ಪ್ರತಿ ಸಲ ರಬ್ಬರು ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ತದೆ. ಭಾರವೆಲ್ಲ ಬೋಲ್ಟಿಗೆ. ನಾವು ಅಲುಗಾಟವನ್ನು ಮುಚ್ಚಿದ್ದು, ಕಾಲನ್ನು ಕೂರಿಸಿದ್ದಲ್ಲ. ಮಸಿ ಕಲಸು ಲೋಕು."

ಹೊಸಬರು ಇಲ್ಲಿಂದ ನಿಧಾನವಾಗಿ ಓದಬೇಕು.

ಬೆಣೆಗೆ ಮಸಿ ಸವರಿ, ರಬ್ಬರಿಲ್ಲದೆ ಗುಂಡಿಗೆ ತೂರಿಸಿ, ಬೋಲ್ಟಿನಿಂದ ಎಳೆದು, ಮತ್ತೆ ಬಿಚ್ಚಿದೆವು. ಗುಂಡಿಯ ಇಳಿಜಾರು ಗೋಡೆಗಳಿಗೆ ಕಪ್ಪು ಹತ್ತಿರಲೇ ಇಲ್ಲ. ಹತ್ತಿದ್ದು ಗುಂಡಿಯ ತಳಕ್ಕೆ, ಅದೂ ಒಂದು ಚುಕ್ಕೆ. ಬೆಣೆ ಬದಿಗಳಲ್ಲಿ ಕಚ್ಚುವ ಮೊದಲೇ ಅದರ ತುದಿ ತಳಕ್ಕೆ ತಾಗಿ ನಿಲ್ಲುತ್ತಿತ್ತು. ಟೀಚರು ಬೆರಳು ಹಾಕಿ ಸವರಿದರು.

"ಇಲ್ಲಿ ಎಂತದೋ ಗಂಟು ಉಂಟು. ಅಯ್ಯೋ, ಇದರ ಮೊದಲಿನ ಯಜಮಾನ ಒಮ್ಮೆ ಬಿರುಕಿಗೆ ರೆಸಿನ್ ಅಂಟು ಹಾಕಿದ್ದೇನೆ ಅಂದಿದ್ದ. ಅದೇ ಇಳಿದು ಗಟ್ಟಿಯಾದದ್ದು!"

ಆ ಗಂಟನ್ನು ಅವರೇ ಸಣ್ಣ ಉಳಿಯಿಂದ ಕೆತ್ತಿ, ಮರದ ತುಂಡಿಗೆ ಮರಳು ಕಾಗದ ಸುತ್ತಿ ಉಜ್ಜಿ ತೆಗೆದರು. ನಾನು ಮಸಿ ಸವರುವುದು, ಅವರು ಉಜ್ಜುವುದು, ಮೇಸ್ತ್ರಿಯವರು ನೋಡಿ "ಇನ್ನೂ ಇಲ್ಲ" ಎನ್ನುವುದು. ಸಂಜೆಯ ಹೊತ್ತಿಗೆ ಮೂವರ ಮೂಗಿಗೂ ಮಸಿ ಹತ್ತಿತ್ತು. ಕೊನೆಗೆ ಮುಂದಿನ ಇಳಿಜಾರಿಗೂ ಹಿಂದಿನ ಇಳಿಜಾರಿಗೂ ಕಪ್ಪು ಸಮನಾಗಿ ಹತ್ತಿತು, ತಳ ಬೆಳ್ಳಗೆ ಉಳಿಯಿತು. ಬೆಣೆ ಭದ್ರವಾಗುವುದು ಅದರ ಬದಿಗಳಿಂದ, ತುದಿಯಿಂದ ಅಲ್ಲ. ಈ ಒಂದು ಮಾತು ನೆನಪಿದ್ದರೆ ಉಳಿದದ್ದು ಮರೆತರೂ ಅಡ್ಡಿಯಿಲ್ಲ.

ಮುರಿಯದೆ ಉಳಿದ ಹಳೆಯ ಬೋಲ್ಟನ್ನೂ ಹಾಕಲಿಲ್ಲ. ಒಮ್ಮೆ ಬಾಗಿದ್ದು ಮತ್ತೆ ನಂಬಿಕೆಗೆ ಯೋಗ್ಯವಲ್ಲ. ಹೊಸ ಸ್ಟೀಲ್ ಬೋಲ್ಟು ಗಿಡ್ಡವಾಗಿದ್ದರೆ ಎರಡೇ ಸುತ್ತಿನ ಮರೆ, ಅಂದರೆ ತಿರುಪಿನ ಗೆರೆ, ಹಿಡಿಯುತ್ತದೆ, ಉದ್ದವಾಗಿದ್ದರೆ ಒಳಗೆ ತಳ ಹಿಡಿದು ಬಿಗಿಯಾದಂತೆ ಮೋಸ ಮಾಡುತ್ತದೆ. ಅಳೆದು ತಂದೆವು. ಸ್ಟೀಲೂ ಅಲ್ಯೂಮಿನಿಯಮ್ಮೂ ಒಟ್ಟಿಗೆ ನೀರಿನಲ್ಲಿದ್ದರೆ ಒಂದನ್ನೊಂದು ಕಚ್ಚಿಕೊಂಡು ಮತ್ತೆ ಬಿಚ್ಚಲಿಕ್ಕಾಗುವುದಿಲ್ಲ. ಅದಕ್ಕೆ ಮರೆಗೆ ಗ್ರೀಸ್ ಹಚ್ಚಿದೆವು. ಬೋಲ್ಟಿನ ತಲೆ ಹಲಗೆಗೆ ಹುದುಗದಂತೆ ಅಡಿಗೆ ಅಗಲದ ವಾಷರ್. ಮುಂದಿನದ್ದು ಸ್ವಲ್ಪ, ಹಿಂದಿನದ್ದು ಸ್ವಲ್ಪ, ಹೀಗೆ ಸರದಿಯಲ್ಲಿ ಬಿಗಿತ. ಬಲ ತೋರಿಸುವ ಕೆಲಸ ಅಲ್ಲ. ಹಲಗೆಯ ಒಳಗೆ ಇರುವುದು ಬೆಂಡು, ಹೆಚ್ಚು ಬಿಗಿದರೆ ನಜ್ಜಾಗುತ್ತದೆ.

"ಒಂದು ಸುತ್ತು ಹೋಗಿ ಬಂದ ಮೇಲೆ ಮತ್ತೆ ಬಿಗಿ ಮಾಡ್ಬೇಕು ಮೇಸ್ತ್ರಿಗಳೇ," ಟೀಚರು ಹೇಳಿದರು. "ಭಾರ ಬಿದ್ದ ಮೇಲೆ ಬೆಣೆ ಇನ್ನೂ ಒಳಗೆ ಹೋಗ್ತದೆ. ಬೋಲ್ಟು ಸಡಿಲ ಆಗ್ತದೆ."

ಮೇಸ್ತ್ರಿಯವರು ನಕ್ಕರು. ಪಂಪಿನಲ್ಲಿ ಒಮ್ಮೆ ಕೂತ ಗ್ಯಾಸ್ಕೆಟನ್ನು ಮುಟ್ಟಬಾರದು, ಮುಟ್ಟಿದರೆ ಸೋರುತ್ತದೆ. ಜೀವಮಾನವಿಡೀ ಪಾಲಿಸಿದ ನಿಯಮ ಅದು. "ಕಾವಿಗೆ ಕೂತ ಕೋಳಿಯನ್ನು ಎಬ್ಬಿಸುವುದುಂಟಾ ಟೀಚರೇ?" ಎಂದರು. ಮೇಸ್ತ್ರಿಯವರು ಒಪ್ಪಲಿಲ್ಲ, ಟೀಚರೂ ಬಿಡಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಶನಿವಾರ ಬಲ್ಲಾಳರು ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ, ಜೊತೆಗೆ ಒಂದು ವ್ಯಾನು ತುಂಬ ಹುಡುಗಿಯರು. ದಡದಲ್ಲಿ ನಿಂತು ನೀರನ್ನು ನೋಡಿ, "ಮೊಸಳೆ ಉಂಟಾ?" ಎಂದು ಕೇಳಿದರು.

"ಇಲ್ಲ ಧಣಿ, ಇದ್ದದ್ದು ಒಂದು ಕೊಕ್ಕರೆ" ಎಂದರು ಮೋನಾಕ.

ಟೀಚರು ಹೊರಟರು. ಗಾಳಿ ಚೆನ್ನಾಗಿತ್ತು. ಹಲಗೆ ಮೊದಲು ನೀರನ್ನು ಬಡಿಯುತ್ತಾ ಸಾಗಿತು. ಆಮೇಲೆ ಆ ಬಡಿತ ನಿಂತಿತು. ನನಗೆ ಮೊದಲು ಗೊತ್ತಾದದ್ದು ಸದ್ದು ನಿಂತದ್ದು, ಆಮೇಲೆ ಕಂಡದ್ದು. ಹಲಗೆಯ ಅಡಿಯಲ್ಲಿ ಆಚೆ ದಡದ ತೆಂಗಿನ ಸಾಲು ಕಾಣುತ್ತಿತ್ತು. ಹಲಗೆಗೂ ನೀರಿಗೂ ನಡುವೆ ಬರೀ ಗಾಳಿ, ಆ ಒಂದು ಕಾಲು. ಹುಡುಗಿಯರು ಕಿರಿಚಿದರು. ಮೇಸ್ತ್ರಿಯವರು ನನ್ನ ತೋಳನ್ನು ಹಿಡಿದದ್ದು ಎಷ್ಟು ಗಟ್ಟಿಯಾಗಿ ಎಂದರೆ ಮರುದಿನವೂ ಅಲ್ಲಿ ನೋವಿತ್ತು. ಟೀಚರು ದೂರದವರೆಗೆ ಹಾಗೇ ಹೋಗಿ, ಹಲಗೆಯನ್ನು ನೀರಿಗೆ ಇಳಿಸಿ, ತಿರುಗಿ ಬಂದರು.

"ಸರ್, ನೋಡಿದ್ರಾ ಸರ್?" ಒಬ್ಬಳು ಹುಡುಗಿ ಕೇಳಿದಳು.

ಬಲ್ಲಾಳರು ಪಂಚೆಯ ಚುಂಗಿನಲ್ಲಿ ಕನ್ನಡಕ ಒರೆಸುತ್ತಿದ್ದರು. ಅದನ್ನು ಏರಿಸಿಕೊಂಡು, "ಎಂತ? ಆಯ್ತಾ?" ಎಂದರು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಅವರು ಕೈ ಎತ್ತಿದರು. "ನೀವು ನೋಡಿದ್ದು ನಿಮಗಾಯ್ತು. ನಾನು ನೋಡದೆ ಮಕ್ಕಳ ತಾಯಂದಿರಿಗೆ ಎಂತ ಹೇಳುವುದು? ಇನ್ನೊಮ್ಮೆ ಹೋಗಿ ಟೀಚರೇ."

ಅಷ್ಟರಲ್ಲಿ ಗಾಳಿ ಇಳಿಯತೊಡಗಿತ್ತು. ಟೀಚರು ಎದೆಮಟ್ಟದ ನೀರಿನಲ್ಲಿ ನಿಂತಿದ್ದವರು ಹಾಯಿಯನ್ನು ಬಿಡಲೇ ಇಲ್ಲ. "ಈಗಲೇ ಹೋಗ್ತೇನೆ. ಇದು ಹೋದ್ರೆ ಇವತ್ತು ಮತ್ತೆ ಗಾಳಿ ಸಿಗುವುದಿಲ್ಲ."

ಮೇಸ್ತ್ರಿಯವರು ಪಂಚೆ ಎತ್ತಿ ಕಟ್ಟಿಕೊಳ್ಳದೆ ಹಾಗೇ ನೀರಿಗೆ ಇಳಿದು ಹಲಗೆಯ ಮೂತಿಯನ್ನು ಹಿಡಿದರು.

"ಮೇಲೆ ತನ್ನಿ."

"ಮೇಸ್ತ್ರಿಗಳೇ, ಗಾಳಿ!"

"ಗಾಳಿ ಹೋಗ್ಲಿ. ಒಂದು ಸುತ್ತು ಆಯ್ತಲ್ಲ? ನೀವೇ ಹೇಳಿದ್ದು."

"ನೀವು ಕೋಳಿ ಅಂದಿದ್ರಲ್ಲ!"

"ಆ ಕೋಳಿ ಪಂಪಿನದ್ದು. ಇದು ಕೊಕ್ಕರೆ. ತನ್ನಿ ಅಂದೆ."

ಹಾಯಿ ಬಿಚ್ಚಿ ಹಲಗೆಯನ್ನು ಮೆಟ್ಟಿಲಿಗೆ ತಂದೆವು. ಬೋಲ್ಟು ತಿರುಗಿಸುವ ಅಲೆನ್ ಕೀಯನ್ನು ಮೇಸ್ತ್ರಿಯವರೇ ಹಿಡಿದರು. ಮುಂದಿನ ಬೋಲ್ಟು ತಿರುಗಿತು. ಹಿಂದಿನದ್ದು ಇನ್ನೂ ಸಲೀಸಾಗಿ ತಿರುಗಿತು. ಟೀಚರು ಮಂಡಿಯೂರಿ ಹಲಗೆಯನ್ನು ಅಲುಗದಂತೆ ಹಿಡಿದರು. ಬಲ್ಲಾಳರು ಬಗ್ಗಿ ನೋಡುತ್ತಿದ್ದರು.

"ಹೀಗೆ ಬಿಗಿ ಮಾಡದಿದ್ರೆ ಈಗ ಎಂತ ಆಗ್ತಿತ್ತು?"

"ಈಗ ಬಹುಶಃ ಏನೂ ಇಲ್ಲ" ಎಂದರು ಮೇಸ್ತ್ರಿಯವರು. "ಇನ್ನೊಂದು ದಿನ, ಮಕ್ಕಳಿರುವಾಗ ಆಗ್ತಿತ್ತು."

ನಾವು ಮುಗಿಸಿ ಹಾಯಿ ಕಟ್ಟುವಾಗ ನೀರು ಕನ್ನಡಿಯಂತೆ ಮಲಗಿತ್ತು. ಟೀಚರು ಹಲಗೆಯ ಮೇಲೆ ಕುಳಿತು ಕಾದರು.  ವ್ಯಾನಿನ ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಬಲ್ಲಾಳರು ಹೊರಡಲು ಕೊಡೆ ಎತ್ತಿಕೊಂಡರು ಎಂದು ನಾನು ತಿಳಿದೆ. ಅವರು ಅದನ್ನು ಮೆಟ್ಟಿಲ ಮೇಲೆ ಅಡ್ಡ ಇಟ್ಟು, ಪಕ್ಕದಲ್ಲಿ ಕುಳಿತರು.

ಮೊದಲು ನೋಡಿದ್ದು ಮೋನಾಕ. ಕೆಳಗಿನ ತಿರುವಿನಲ್ಲಿ ನೀರಿನ ಬಣ್ಣ ಕಪ್ಪಾಯಿತು. "ಬಂತು! ಟೀಚರೇ, ಬಂತು!"

ಗಾಳಿ ಮೊದಲಿನಷ್ಟು ಇರಲಿಲ್ಲ. ಟೀಚರು ಹಾಯಿಯನ್ನು ಬೀಸಣಿಗೆಯ ಹಾಗೆ ಎಳೆದು ಎಳೆದು ಬೀಸಿದರು. ಹಲಗೆ ಎದ್ದಿತು, ಕೂತಿತು. ಮತ್ತೆ ಎದ್ದಿತು. ಈ ಸಲ ಕೂರಲಿಲ್ಲ. ನಮ್ಮ ಮೆಟ್ಟಿಲಿನ ಎದುರೇ ಸದ್ದಿಲ್ಲದೆ ಹಾದುಹೋಯಿತು. ಕಾಲು ನೆಟ್ಟಗೆ ನೀರನ್ನು ಸೀಳುತ್ತಿತ್ತು, ಒಂದಿಷ್ಟೂ ನಡುಕ ಇರಲಿಲ್ಲ. ಟೀಚರು ನಗುತ್ತಿದ್ದರೋ ಅಳುತ್ತಿದ್ದರೋ ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಬಲ್ಲಾಳರು ಎದ್ದು ನಿಂತರು. ಕೊಡೆ ಜಾರಿ ಹೊಳೆಗೆ ಬಿತ್ತು. ಅವರು ಅದರ ಕಡೆ ನೋಡಲೇ ಇಲ್ಲ.

ಟೀಚರು ದಡಕ್ಕೆ ಬಂದ ಮೇಲೆ ಬಲ್ಲಾಳರು ಕೇಳಿದ್ದು ಒಂದೇ ಪ್ರಶ್ನೆ. "ಮಕ್ಕಳು ಬಂದ್ರೆ ಆ ಬೋಲ್ಟು ಬಿಗಿ ಮಾಡುವುದು ಯಾರು?"

"ಅವರೇ ಮಾಡಲಿ," ಮೇಸ್ತ್ರಿಯವರು ಹೇಳಿದರು. "ನಾವು ಕಲಿಸುವ."

"ಹಾಗಾದ್ರೆ ಮೊದಲು ಬಿಗಿ ಮಾಡಲಿಕ್ಕೆ ಕಲಿಯಲಿ, ಮತ್ತೆ ಹತ್ತಲಿ" ಎಂದು ಬಲ್ಲಾಳರು ಹೇಳಿದರು. ಹುಡುಗಿಯರ ಕೂಗಿಗೆ ಆಚೆ ದಡದ ಹಕ್ಕಿಗಳೆಲ್ಲ ಎದ್ದವು.

ಆ ಮಧ್ಯಾಹ್ನವನ್ನು ನೋಡಿದವರಲ್ಲಿ ಐತಪ್ಪ ಮೇಸ್ತ್ರಿಯವರು ಈಗ ಇಲ್ಲ. ಉಳಿದವರು ಇದ್ದಾರೆ. ಅಕ್ಷತಾ ಟೀಚರು ಮೂಡುಬಿದಿರೆಯಲ್ಲಿದ್ದಾರೆ, ಅವರನ್ನು ಕೇಳಬಹುದು. ಮೋನಾಕನಿಗೆ ಕಿವಿ ಸ್ವಲ್ಪ ಮಂದ, ಕಣ್ಣು ಸರಿ ಇದೆ. ಆ ಹುಡುಗಿಯರಲ್ಲಿ ಹೆಚ್ಚಿನವರು ಇದೇ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿದ್ದಾರೆ. ನನ್ನನ್ನೂ ಸೇರಿಸಿ ಇವರೆಲ್ಲ ಎರಡೂ ಹಾರಾಟಗಳನ್ನು ನೋಡಿದವರು. ಬಲ್ಲಾಳರೂ ಗಟ್ಟಿಯಾಗಿದ್ದಾರೆ, ಈಗಲೂ ತಿಂಗಳಿಗೊಮ್ಮೆ ಹೊಳೆಯ ಹತ್ತಿರ ಬರುತ್ತಾರೆ. ಎರಡನ್ನೂ ನೋಡಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅದು ಸರಿಯಲ್ಲ. ಅವರು ನೋಡಿದ್ದು ಎರಡನೆಯದನ್ನು ಮಾತ್ರ.